ಅಪ್ಪನ ದನಿ, ಮಗಳ ಶ್ರುತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಪಾಪ್ ಗಾಯಕಿ ನ್ಯಾಟಲಿ ಕೋಲ್ ಕುರಿತ ಬರಹವಿತ್ತು. ತಂದೆ ನ್ಯಾಟ್ ಕಿಂಗ್ ಕೋಲ್ ತೀರಿಕೊಂಡು 26 ವರ್ಷವಾದ ಮೇಲೆ, 1991ರಲ್ಲಿ, ಅವರ ಹಳೆಯ ಟೇಪಿನ ದನಿಯ ಜೊತೆ ಆಕೆ ಯುಗಳಗೀತೆ ಹಾಡಿದ್ದು ಆ ಬರಹದ ಮುಖ್ಯ ಸಂಗತಿ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯವು. ನಾಟಕದ ಮೇಷ್ಟ್ರುಗಳು, ಭಜನೆ ಮಂಡಳಿಗಳು, ತತ್ವಪದ ಹಾಡುವವರು, ಕೆಜಿಎಫ್‌ನ ಚರ್ಚ್ ಗಾಯಕರು ಇರುವ ಕಡೆ ಇಂಥ ಪ್ರಶ್ನೆ ಏಳುವುದು ಸಹಜವೇ. ಕಂಠ ತರಬೇತಿ ಮತ್ತು ಧ್ವನಿಮುದ್ರಣ ಎರಡನ್ನೂ ಬಲ್ಲವರಿಂದ ಉತ್ತರ ಪಡೆದಿದ್ದೇವೆ.

ಅಪ್ಪ ಅಷ್ಟು ದೊಡ್ಡ ಗಾಯಕ ಆಗಿರದಿದ್ದರೆ ನ್ಯಾಟಲಿ ಕೋಲ್ ಅವರನ್ನು ಯಾರು ಕೇಳುತ್ತಿದ್ದರು? ಆಕೆಯ ಸ್ವಂತ ಸಂಪಾದನೆ ಎಷ್ಟು?
— ಓದುಗರು, ಕೋಲಾರ

ಬಾಗಿಲು ತೆರೆದದ್ದು ಅಪ್ಪನ ಹೆಸರೇ, ಅದರಲ್ಲಿ ಮುಚ್ಚುಮರೆ ಬೇಡ. ಆದರೆ ಒಳಗೆ ಹೋದ ಮೇಲೆ ಆಕೆಯ ಕಾಲಿಗೆ ತೊಡರಿಕೊಂಡದ್ದೂ ಅದೇ ಹೆಸರು.

ಆ ಮನೆತನವೇ ಸಂಗೀತದ್ದು. ನ್ಯಾಟ್ ಕಿಂಗ್ ಕೋಲ್ ಹುಟ್ಟಿದ್ದು 1919ರಲ್ಲಿ, ಅಲಬಾಮಾದ ಮಾಂಟ್ಗೊಮರಿಯಲ್ಲಿ, ಬೆಳೆದದ್ದು ಶಿಕಾಗೋದಲ್ಲಿ. ಅವರಪ್ಪ ಬ್ಯಾಪ್ಟಿಸ್ಟ್ ಪಾದ್ರಿ, ತಾಯಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಸೋದರರಾದ ಎಡ್ಡಿ, ಐಕ್, ಫ್ರೆಡ್ಡಿ ಕೂಡ ಸಂಗೀತಗಾರರೇ. ನ್ಯಾಟ್ ಮೊದಲು ಹೆಸರು ಮಾಡಿದ್ದು ಪಿಯಾನೋದಲ್ಲಿ, ಹಾಡುಗಾರಿಕೆ ಆಮೇಲೆ ಬಂತು. ಹೆಂಡತಿ ಮರಿಯಾ ಡ್ಯೂಕ್ ಎಲಿಂಗ್ಟನ್ ವಾದ್ಯವೃಂದದಲ್ಲಿ ಹಾಡಿದವರು.

ನ್ಯಾಟಲಿ 1950ರ ಫೆಬ್ರವರಿ 6ರಂದು ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದರು. ಹದಿನೈದು ತುಂಬಿ ಒಂಬತ್ತು ದಿನಕ್ಕೆ ಅಪ್ಪ ಹೋದರು. ಮಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಮಕ್ಕಳ ಮನಶ್ಶಾಸ್ತ್ರ. ಪದವಿ ಸಿಕ್ಕಿದ್ದು 1972ರಲ್ಲಿ. ಹಾಡಲು ಶುರು ಮಾಡಿದಾಗ ಕ್ಲಬ್ಬಿನವರು 'ನ್ಯಾಟ್ ಮಗಳು' ಎಂದು ಕರೆದು ಕೂರಿಸುತ್ತಿದ್ದರು. ಅವಳು ರಾಕ್, ರಿದಮ್ ಅಂಡ್ ಬ್ಲೂಸ್ ಎತ್ತಿಕೊಂಡರೆ ಮುಖ ಸಪ್ಪೆ ಮಾಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಅಪ್ಪನ ಹಾಡುಗಳು. ಆಕೆ ಮಣಿಯಲಿಲ್ಲ. ಚಕ್ ಜಾಕ್ಸನ್, ಮಾರ್ವಿನ್ ಯಾನ್ಸಿ ಎಂಬಿಬ್ಬರ ಜೊತೆ ಸೇರಿ ತನ್ನದೇ ಹಾಡುಗಳನ್ನು ಕಟ್ಟಿ 1975ರಲ್ಲಿ ಮೊದಲ ಆಲ್ಬಂ ತಂದರು. ಮರುವರ್ಷ ಎರಡು ಗ್ರ್ಯಾಮಿ ಬಂತು. ಒಂದು 'ಅತ್ಯುತ್ತಮ ಹೊಸ ಕಲಾವಿದೆ'ಗೆ ಕೊಡುವಂಥದ್ದು.

ನಡುವೆ ಮಾದಕ ವಸ್ತುಗಳ ಚಟ ಆಕೆಯನ್ನು ನುಂಗಿಯೇ ಬಿಟ್ಟಿತ್ತು. 1983ರಲ್ಲಿ ಚಿಕಿತ್ಸೆಗೆ ಸೇರಿ ಹೊರಬಂದರು, 1987ರ ಆಲ್ಬಂನಿಂದ ಮತ್ತೆ ಎದ್ದು ನಿಂತರು. ಅಪ್ಪನ ಹಾಡುಗಳ ಪೂರ್ತಿ ಆಲ್ಬಂ ಮುಟ್ಟಿದ್ದು ಅದಾದ ನಾಲ್ಕು ವರ್ಷಕ್ಕೆ. ಅದು ಅಮೆರಿಕ ಒಂದರಲ್ಲೇ 70 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ, 1992ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಆಯಿತು. ಆ ಯುಗಳಗೀತೆಗೆ ವರ್ಷದ ಧ್ವನಿಮುದ್ರಣ ಪ್ರಶಸ್ತಿ ಬಂತು. ವರ್ಷದ ಗೀತೆ ಪ್ರಶಸ್ತಿಯೂ ಅದಕ್ಕೇ. ಅದು ಹೋದದ್ದು ಹಾಡು ಬರೆದ ಅರ್ವಿಂಗ್ ಗಾರ್ಡನ್ ಅವರಿಗೆ. ನ್ಯಾಟ್ ಆ ಹಾಡನ್ನು ಮೊದಲು ಮುದ್ರಿಸಿದ್ದು 1951ರಲ್ಲಿ, ಅಂದರೆ ನಲವತ್ತು ವರ್ಷ ಹಳೆಯ ಹಾಡಿಗೆ ಬಂದ ಬಹುಮಾನ.

ಕ್ರಮವನ್ನು ಗಮನಿಸಿ. ಹದಿನಾರು ವರ್ಷ ತನ್ನ ದನಿಯಲ್ಲಿ ದುಡಿದು, ಆಮೇಲೆ ಅಪ್ಪನ ಹಾಡಿಗೆ ಕೈ ಹಾಕಿದ್ದು. 1975ರಲ್ಲೇ ಅಪ್ಪನ ಹಾಡುಗಳಿಂದ ಶುರು ಮಾಡಿದ್ದರೆ ಒಂದೆರಡು ಆಲ್ಬಂಗೆ ಆಟ ಮುಗಿಯುತ್ತಿತ್ತು ಎಂಬುದು ನಮ್ಮ ಲೆಕ್ಕ. ನಮ್ಮಲ್ಲೂ ಬಿ. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ರಂಗದ ಮೇಲೆ ಆ ದನಿ ಎದ್ದಾಗ ಯಾರಿಗೂ ತಾತನ ನೆಂಟಸ್ತಿಕೆ ನೆನಪಾಗುವುದಿಲ್ಲ.

ನಮ್ಮ ತಾತ ನಾಟಕದ ಮೇಷ್ಟ್ರು. ಹಾರ್ಮೋನಿಯಂ ನುಡಿಸಿಕೊಂಡು ಹಾಡಿದ ಏಳೆಂಟು ಕ್ಯಾಸೆಟ್ ಅಟ್ಟದ ಮೇಲಿವೆ. ತಂಗಿ ಚೆನ್ನಾಗಿ ಹಾಡುತ್ತಾಳೆ. ತಾತನ ದನಿಗೆ ಅವಳ ದನಿ ಸೇರಿಸಿ ಒಂದು ಹಾಡು ಮಾಡಬಹುದೇ? ಒಂದು ಸ್ಟುಡಿಯೋದವರು 'ಎಐ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಿಕೊಡ್ತೀವಿ' ಅಂದರು.
— ಓದುಗರು, ಗುಬ್ಬಿ

ಮಾಡಬಹುದು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಮಾತ್ರ ಅಲ್ಲ. ಎಐ ಬರುವುದು ಮೂರನೇ ಹಂತದಲ್ಲಿ. ಮೊದಲೆರಡು ಹಂತ ಕೆಟ್ಟರೆ ಅದು ಕೆಟ್ಟದ್ದನ್ನೇ ಇನ್ನಷ್ಟು ಕೆಡಿಸಿ ಕೊಡುತ್ತದೆ.

ಮೊದಲು ಕ್ಯಾಸೆಟ್. ಅಟ್ಟದಿಂದ ಇಳಿಸಿದ ತಕ್ಷಣ ಪ್ಲೇಯರಿಗೆ ಹಾಕಬೇಡಿ. ಕಿಟಕಿಯ ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಕಂಡರೆ ಅದು ಬೂಸ್ಟು. ಆ ಕ್ಯಾಸೆಟ್ ಬೇರೆ ಇಡಿ, ಒಮ್ಮೆ ಓಡಿಸಿದರೆ ಡೆಕ್ಕಿಗೂ ಅಲ್ಲಿಂದ ಉಳಿದ ಕ್ಯಾಸೆಟ್‌ಗಳಿಗೂ ಅಂಟುತ್ತದೆ. ಬಾಯಿಯ ನಡುವೆ ಹಿತ್ತಾಳೆ ಪಟ್ಟಿಯ ಮೇಲೆ ಸಣ್ಣ ಉಣ್ಣೆ ತುಂಡು ಇರಬೇಕು. ಹಳೆಯದರಲ್ಲಿ ಅಂಟು ಒಣಗಿ ಅದು ಉದುರಿರುತ್ತದೆ. ಅದಿಲ್ಲದಿದ್ದರೆ ಟೇಪು ಅದನ್ನು ಓದುವ ಹೆಡ್ಡಿಗೆ ಒತ್ತಿಕೊಳ್ಳುವುದಿಲ್ಲ. ದನಿ ಮಂಕಾಗಿ, ಬಂದು ಹೋಗಿ ಮಾಡುತ್ತದೆ. ಐದು ಸ್ಕ್ರೂ ಇರುವ ಹೊಸ ಚಿಪ್ಪಿಗೆ ಎರಡೂ ಸುರುಳಿಗಳನ್ನು ವರ್ಗಾಯಿಸುವುದೇ ಸರಿಯಾದ ಮದ್ದು. ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿಕೊಂಡಿದ್ದ ಪದರಗಳು ಬಿಡುತ್ತವೆ.

ಡೆಕ್ಕಿನ ಹೆಡ್ಡನ್ನು 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತವೆ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೆಡ್ಡು ಎಷ್ಟು ವಾಲಿರಬೇಕೆಂದು ಹೊಂದಿಸುವುದು ಅದೇ. ತಾತನ ರೆಕಾರ್ಡರಿನಲ್ಲಿ ಅದು ಎತ್ತ ವಾಲಿತ್ತೋ ನಿಮ್ಮ ಡೆಕ್ಕಿನಲ್ಲೂ ಅತ್ತ ವಾಲಬೇಕು. ಕ್ಯಾಸೆಟ್ ಓಡುತ್ತಿರುವಾಗ ಹೆಡ್‌ಫೋನ್ ಹಾಕಿಕೊಂಡು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಆಚೀಚೆ ತಿರುಗಿಸಿ. 'ಸ'ಕಾರ, 'ಶ'ಕಾರ ಯಾವಾಗ ಅತಿ ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಬಹುಪಾಲು ಸ್ಟುಡಿಯೋಗಳು ಬಿಟ್ಟುಬಿಡುವ ಕೆಲಸ ಇದು. ಇಲ್ಲಿ ಕಳೆದುಹೋದ ಮೇಲುಸ್ತರವನ್ನು ಆಮೇಲೆ ಯಾವ ಈಕ್ವಲೈಸರೂ ತಂದುಕೊಡುವುದಿಲ್ಲ. ಡಾಲ್ಬಿ ಗುಂಡಿ ಆಫ್ ಇರಲಿ.

ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್ ಆಗಿ ಇಳಿಸಿ. ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. ಅತಿ ಜೋರಿನ ಕಡೆಯೂ ಮೈನಸ್ 6 ಡೆಸಿಬಲ್ ದಾಟದಿರಲಿ. ಆ ಮೂಲ ಫೈಲನ್ನು ಎರಡು ಕಡೆ ಇಟ್ಟು, ಕೆಲಸವೆಲ್ಲ ಪ್ರತಿಯ ಮೇಲೆ ಮಾಡಿ.

ಎರಡನೇ ಹಂತ ವೇಗ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಕ್ಯಾಸೆಟ್ಟಿನ ನಿಗದಿತ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್, ಆದರೆ ಮನೆ ರೆಕಾರ್ಡರುಗಳು ಎರಡು ಮೂರು ಶೇಕಡಾ ಆಚೀಚೆ ಓಡುತ್ತಿದ್ದವು. ಮೂರು ಶೇಕಡಾ ಎಂದರೆ ಹಾರ್ಮೋನಿಯಂನ ಎರಡು ಪಕ್ಕದ ಮನೆಗಳ ನಡುವಿನ ಅಂತರದಲ್ಲಿ ಅರ್ಧ. ಬ್ಯಾಟರಿಯಲ್ಲಿ ಮುದ್ರಿಸಿದ್ದರೆ ಇನ್ನೂ ಒಂದು ತೊಡಕು: ಸೆಲ್ಲು ಇಳಿದಂತೆ ರೆಕಾರ್ಡರ್ ನಿಧಾನವಾಗುತ್ತಾ ಹೋಗಿರುತ್ತದೆ, ಈಗ ಸರಿ ವೇಗದಲ್ಲಿ ನುಡಿಸಿದರೆ ತಾತನ ಷಡ್ಜ ಮೊದಲಿನಿಂದ ಕೊನೆಗೆ ಮೆಲ್ಲಗೆ ಏರುತ್ತದೆ. ತಾತ ಶ್ರುತಿ ತಪ್ಪಿದರು ಎಂದುಕೊಳ್ಳಬೇಡಿ.

ಆ ಹಾರ್ಮೋನಿಯಂ ಮನೆಯಲ್ಲಿ ಉಳಿದಿದ್ದರೆ ನಿಮ್ಮ ಪುಣ್ಯ. ಟ್ಯೂನರ್ ಆ್ಯಪಿನಲ್ಲಿ ಅದರ ನಾಲ್ಕೈದು ಮನೆಗಳನ್ನು ಅಳೆದು ಬರೆದಿಟ್ಟುಕೊಳ್ಳಿ, ಟೇಪಿನಲ್ಲಿ ಅವೇ ಸ್ವರಗಳನ್ನು ಅಳೆಯಿರಿ. ಒಂದು ಮನೆ ಮಾತ್ರ ವ್ಯತ್ಯಾಸವಾದರೆ ರೀಡು ಬದಲಾಗಿದೆ ಅಥವಾ ಧೂಳು ಕೂತಿದೆ. ಎಲ್ಲವೂ ಒಂದೇ ಅಳತೆಯಲ್ಲಿ ಏರಿದ್ದರೆ ಅದು ಟೇಪಿನ ವೇಗ. ಐವತ್ತು ಸೆಂಟ್, ಅಂದರೆ ಪಕ್ಕದ ಮನೆಗೆ ಅರ್ಧ ದಾರಿ, ಮೇಲಿದ್ದರೆ ಸುಮಾರು 2.85 ಶೇಕಡಾ ವೇಗ ಇಳಿಸಿ. ಗಮನಿಸಿ, ಇಳಿಸಬೇಕಾದ್ದು ವೇಗ. ಬರೀ ಶ್ರುತಿ ಇಳಿಸುವ ಗುಂಡಿ ಒತ್ತಿದರೆ ಲಯ ತಪ್ಪಾಗಿಯೇ ಉಳಿಯುತ್ತದೆ. ಕರೆಂಟಿನಲ್ಲಿ ಮುದ್ರಿಸಿದ್ದರೆ ಟೇಪಿನೊಳಗೆ ಸಣ್ಣ ಗುಂಯ್ ಇರುತ್ತದೆ, ಅದು 50 ಹರ್ಟ್ಸ್ ಆಸುಪಾಸು ಇರಬೇಕು. ಟೇಪು ನಿಂತಾಗಲೂ ಕೇಳುವ ಗುಂಯ್ ನಿಮ್ಮ ಡೆಕ್ಕಿನದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದೆ ನಮ್ಮ ಕಡೆಯ ಗ್ರಿಡ್ ಐವತ್ತಕ್ಕಿಂತ ಕೆಳಗಿಳಿಯುತ್ತಿದ್ದುದು ಮಾಮೂಲು. ಹಾಗಾಗಿ ಗುಂಯ್ ಸಾಕ್ಷಿ ಹೇಳಲಿ, ತೀರ್ಪನ್ನು ಹಾರ್ಮೋನಿಯಮ್ಮಿಗೆ ಬಿಡಿ.

ಮೂರನೆಯದು ದನಿ ಬಿಡಿಸುವುದು. ಸಿನಿಮಾ ಹಾಡಿನಲ್ಲಿ ಡ್ರಮ್ಸ್, ಬೇಸ್, ಗಾಯನ ಬೇರೆಬೇರೆ ಸ್ಥಾಯಿಯಲ್ಲಿ ಇರುವುದರಿಂದ ಎಐ ಸಲೀಸಾಗಿ ಬಿಡಿಸುತ್ತದೆ. ನಿಮ್ಮಲ್ಲಿ ಹಾಗಿಲ್ಲ. ಹಾರ್ಮೋನಿಯಂ ತಾತನ ಕೊರಳಿನ ನೆರಳಿನಂತೆ ಅದೇ ಸ್ವರ, ಅದೇ ಕ್ಷಣದಲ್ಲಿ ನಡೆದಿದೆ. ಯಂತ್ರಕ್ಕೆ ಎರಡೂ ಒಂದೇ. ಬಲವಂತವಾಗಿ ಬಿಡಿಸಿದರೆ ದನಿ ನೀರೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ನಮ್ಮ ಸಲಹೆ: ಪೂರ್ತಿ ಬಿಡಿಸಲು ಹೋಗಬೇಡಿ. ತಾತ ಹಾಡುವ ಭಾಗದಲ್ಲಿ ಹಾರ್ಮೋನಿಯಂ ಸಮೇತ ಬಿಡಿ, ಹಿಂದಿನ ಸೊಂಯ್ ಸದ್ದನ್ನು ಆರೆಂಟು ಡೆಸಿಬಲ್ ಮಾತ್ರ ಇಳಿಸಿ. ಹೊಸದಾಗಿ ಹಾರ್ಮೋನಿಯಂ ನುಡಿಸುವವರು ಅದೇ ಸಾಲನ್ನು ಮೆಲ್ಲಗೆ ಹಿಂಬಾಲಿಸಿದರೆ ಹಳೆಯದರ ಕಲೆ ಮುಚ್ಚಿಹೋಗುತ್ತದೆ.

ಲಯದ ವಿಷಯದಲ್ಲಿ ಒಂದೇ ನಿಯಮ: ತಾತನನ್ನು ಎಳೆಯಬೇಡಿ. ಮೆಟ್ರೋನೋಮ್ ಇಲ್ಲದೆ ಹಾಡಿದವರು ಚರಣಕ್ಕೆ ಬರುವಾಗ ಸ್ವಲ್ಪ ಓಡುತ್ತಾರೆ, ಪಲ್ಲವಿಗೆ ತಿರುಗುವಾಗ ತಡೆಯುತ್ತಾರೆ; ಹಾಡಿನ ಜೀವವೇ ಅದು. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಸಾಫ್ಟ್‌ವೇರಿನಲ್ಲಿ ಗುರುತು ಹಾಕಿ, ತಬಲಾದವರಿಗೆ ಹೆಡ್‌ಫೋನ್ ಕೊಟ್ಟು ತಾತನನ್ನು ಕೇಳುತ್ತಾ ನುಡಿಸಲು ಹೇಳಿ. ನಾಲ್ಕನೇ ಸಲಕ್ಕೆ ಕೂರುತ್ತದೆ.

ಇನ್ನು ಶ್ರುತಿ. ಹಾರ್ಮೋನಿಯಂ ಲೆಕ್ಕದಲ್ಲಿ ಗಂಡಸಿನ ಶ್ರುತಿ ಒಂದೂವರೆ ಮನೆ, ಹೆಂಗಸಿನದು ಐದೂವರೆ ಮನೆ ಎಂದಿಟ್ಟುಕೊಳ್ಳಿ: ಅವರ ಪಂಚಮವೇ ಇವಳ ಷಡ್ಜ. ತಾತನ ದನಿಯನ್ನು ಏಳು ಸ್ವರಸ್ಥಾನ ಏರಿಸಿದರೆ ಮಗುವಿನ ದನಿಯಾಗುತ್ತದೆ. ಒಂದು, ಹೆಚ್ಚೆಂದರೆ ಎರಡು ಸ್ಥಾನ ಸಹಿಸಬಹುದು. ಆದ್ದರಿಂದ ತಂಗಿಯ ಚರಣಕ್ಕೆ ಶ್ರುತಿಯನ್ನೇ ಬದಲಿಸಿ. ತಾತ ಪಲ್ಲವಿ ಮುಗಿಸಿ ಪಂಚಮದಲ್ಲಿ ನಿಂತರೆ, ಎರಡು ಆವರ್ತದ ವಾದ್ಯದ ತುಣುಕಿನಲ್ಲಿ ಆ ಪಂಚಮವನ್ನು ಹೊಸ ಷಡ್ಜ ಮಾಡಿಕೊಂಡು ಅವಳು ಎತ್ತಿಕೊಳ್ಳಲಿ. ಇನ್ನೊಂದು ಅದೃಷ್ಟವೂ ಇರಬಹುದು. ಮೈಕ್ ಇಲ್ಲದ ಕಾಲದ ನಾಟಕ ಕಂಪನಿ ಗಾಯಕರು ಕೊನೆಯ ಸಾಲಿನ ಪ್ರೇಕ್ಷಕರಿಗೆ ಮುಟ್ಟಲೆಂದು ಏರು ಶ್ರುತಿಯಲ್ಲೇ ಹಾಡುತ್ತಿದ್ದರು. ತಾತನದು ನಾಲ್ಕು ಮನೆ ಆಗಿದ್ದರೆ ಕಷ್ಟ ಅರ್ಧ ಕಳೆಯಿತು. ನ್ಯಾಟ್ ಕಿಂಗ್ ಕೋಲ್ ಇದಕ್ಕೆ ತದ್ವಿರುದ್ಧ: ಮೈಕಿನ ಹತ್ತಿರ ನಿಂತು ಮೆಲ್ಲಗೆ ಆಡಿದಂಥ, ಕೆಳಸ್ಥಾಯಿಯ ದನಿ.

ಕೊನೆಗೆ ಎರಡನ್ನೂ ಬೆರೆಸುವಾಗ ತಂಗಿಯ ದನಿಯ 10 ಕಿಲೋಹರ್ಟ್ಸ್ ಮೇಲಿನದನ್ನು ಸ್ವಲ್ಪ ಇಳಿಸಿ. ಕ್ಯಾಸೆಟ್ಟಿನಲ್ಲಿ ಅದು ಇಲ್ಲ. ಅವಳಲ್ಲಿ ಮಾತ್ರ ಇದ್ದರೆ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಾರೆ ಅನ್ನಿಸುವುದಿಲ್ಲ. ಅವಳ ದನಿಗೆ ಮಾತ್ರ ಸಣ್ಣ ಕೋಣೆಯ ಪ್ರತಿಧ್ವನಿ ಸೇರಿಸಿ, ತಾತನ ದನಿಯಲ್ಲಿ ಅದು ಆಗಲೇ ಇದೆ.

ಪ್ರಕಟಿಸುವ ಮುಂಚೆ ಹಾಡು ಯಾರದೆಂದು ನೋಡಿ. ಸಾಹಿತ್ಯ, ರಾಗಸಂಯೋಜನೆಗೆ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕಿದೆ. ಹಾಡಿದವರ ಹಕ್ಕು ಹಾಡಿದ 50 ವರ್ಷದವರೆಗೆ. ಅದು ತಾತನ ವಾರಸುದಾರರೆಲ್ಲರದ್ದು, ಕ್ಯಾಸೆಟ್ ಯಾರ ಅಟ್ಟದ ಮೇಲಿತ್ತೋ ಅವರೊಬ್ಬರದ್ದಲ್ಲ. ಚಿಕ್ಕಪ್ಪ, ಅತ್ತೆಯರ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ.

ನ್ಯಾಟ್ ಕಿಂಗ್ ಕೋಲ್ ದನಿಗೆ ಭಾರ ಬರಲೆಂದು ಸಿಗರೇಟು ಸೇದುತ್ತಿದ್ದರಂತೆ. ಅದು ಕೆಲಸ ಮಾಡುತ್ತದೆಯೇ?
— ಓದುಗರು, ಪಾವಗಡ

ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 45. ಹೊಗೆಗೆ ಸ್ವರತಂತುಗಳು ಊದಿಕೊಂಡು ದಪ್ಪವಾಗುತ್ತವೆ, ದಪ್ಪಗಾದದ್ದು ನಿಧಾನವಾಗಿ ಕಂಪಿಸುತ್ತದೆ, ಅದಕ್ಕೇ ದನಿ ತಗ್ಗುವುದು. ಆ ಊತಕ್ಕೆ ಮೇಲಿನ ಸ್ವರಗಳು ಬಲಿ. ಭಾರದ ದನಿ ಬೇಕಿದ್ದರೆ ಶ್ರುತಿ ಇಳಿಸಿ ಮೈಕಿಗೆ ಹತ್ತಿರ ಹೋಗಿ. ಹತ್ತಿರ ಹೋದಷ್ಟೂ ಬಹುಪಾಲು ಮೈಕುಗಳು ಕೆಳಸ್ತರವನ್ನು ತಾವೇ ಹಿಗ್ಗಿಸುತ್ತವೆ.

ಮಗ ಚರ್ಚ್ ಕಾಯರ್‌ನಲ್ಲಿ ಮೇಲಿನ ಸಾಲು ಹಾಡುತ್ತಿದ್ದ. ಈಗ ಹದಿಮೂರು ತುಂಬಿ ದನಿ ಒಡೆದಿದೆ. ಮನೆಯಲ್ಲಿ ಎಲ್ಲರೂ ಹಾಡುವವರೇ, 'ಬಿಡಬೇಡ, ಸಾಧನೆ ಮಾಡು' ಅನ್ನುತ್ತಾರೆ. ಬಿಡಿಸಬೇಕೇ, ಹಾಡಿಸಬೇಕೇ?
— ಓದುಗರು, ಕೆಜಿಎಫ್

ಹಾಡಿಸಿ, ಆದರೆ ಮೇಲಿನ ಸಾಲನ್ನು ಬಿಡಿಸಿ. ಈ ವಯಸ್ಸಿನಲ್ಲಿ ಗಂಡುಮಕ್ಕಳ ಗಂಟಲಗೂಡು ಬೆಳೆದು ಸ್ವರತಂತುಗಳು ಉದ್ದವಾಗುತ್ತವೆ. ದನಿ ಹತ್ತಿರಹತ್ತಿರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳಲ್ಲಿ ಇಳಿತ ಎರಡು ಮೂರು ಸ್ವರಸ್ಥಾನ ಮಾತ್ರ, ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ. ಗಂಟಲಗೂಡು ಬೆಳೆದ ವೇಗಕ್ಕೆ ಸ್ನಾಯು ಹೊಂದಿಕೊಂಡಿರುವುದಿಲ್ಲ, ದನಿ ನಡುವೆ ಚಿಮ್ಮಿ ಒಡೆಯುವುದು ಅದರಿಂದ. ಇದು ರೋಗವಲ್ಲ. ಕೆಲವರಿಗೆ ಆರು ತಿಂಗಳಲ್ಲಿ ನಿಲ್ಲುತ್ತದೆ, ಕೆಲವರಿಗೆ ಎರಡು ವರ್ಷ.

ಸಂಗೀತದ ಮನೆಗಳಲ್ಲಿ ಆಗುವ ಎಡವಟ್ಟೇ ಬೇರೆ. ಮನೆಯವರ ಕಿವಿ ಹಳೆಯ ದನಿಗೆ ಒಗ್ಗಿರುತ್ತದೆ, ಹುಡುಗ ಅದನ್ನೇ ತಲುಪಲು ಕತ್ತಿನ ನರ ಉಬ್ಬಿಸಿ ಒತ್ತುತ್ತಾನೆ. ಆ ಒತ್ತಡದ ಅಭ್ಯಾಸ ದನಿ ನಿಂತ ಮೇಲೂ ಉಳಿದುಬಿಡುತ್ತದೆ. ದಿನಕ್ಕೆ ಹದಿನೈದು ನಿಮಿಷದಂತೆ ಎರಡು ಸಲ, ಆ ವಾರ ಸಲೀಸಾಗಿ ಬರುವ ಐದಾರು ಸ್ವರಗಳಲ್ಲಿ ಮಾತ್ರ ಹಾಡಲಿ. ಪ್ರತಿ ತಿಂಗಳು ಅವನ ಕೆಳಗಿನ ಮತ್ತು ಮೇಲಿನ ಸ್ವರವನ್ನು ಬರೆದಿಡಿ. ಇಳಿತ ನಿಂತಿತೆಂದು ಆ ಚೀಟಿಯೇ ಹೇಳುತ್ತದೆ. ಈ ನಡುವೆ ಕೀಬೋರ್ಡ್ ಕಲಿಯಲಿ. ಕಾಯರ್‌ನಲ್ಲಿ ಎರಡನೇ ಅಥವಾ ಮೂರನೇ ಸಾಲಿಗೆ ಬಂದರೆ ಬೇರೆ ದನಿಗಳ ನಡುವೆ ತನ್ನ ಸಾಲು ಹಿಡಿಯುವುದು ಬರುತ್ತದೆ, ಮೇಲಿನ ಸಾಲಿನಲ್ಲಿ ಅದು ಬರುವುದಿಲ್ಲ.

ಜಾತ್ರೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾ ಹಾಡುತ್ತೇನೆ. ರಾತ್ರಿ ಹದಿನೈದು ಹಾಡು. ಬೆಳಿಗ್ಗೆ ಗಂಟಲು ಕಟ್ಟಿ ಮಾತೇ ಬರುವುದಿಲ್ಲ. ಬಿಸಿನೀರು, ಜೇನು, ಮೆಣಸು ಎಲ್ಲ ಆಯಿತು.
— ಓದುಗರು, ಚಿಂತಾಮಣಿ

ಮೆಣಸಿನಿಂದ ಹೋಗುವ ತೊಂದರೆ ಇದಲ್ಲ, ಏಕೆಂದರೆ ಅದು ಶುರುವಾಗುವುದು ಗಂಟಲಿನಲ್ಲೇ ಅಲ್ಲ. ವೇದಿಕೆಯಲ್ಲಿ ನಿಮ್ಮ ದನಿ ನಿಮಗೆ ಕೇಳಿಸುತ್ತಿಲ್ಲ. ತನ್ನ ದನಿ ಕೇಳದ ಮನುಷ್ಯ ತಾನಾಗಿ ಕೂಗುತ್ತಾನೆ; ಮನಸ್ಸು ಗಟ್ಟಿ ಮಾಡಿ ತಡೆಯಲು ಆಗದ ಸಂಗತಿ ಇದು. ಸೌಂಡ್‌ನವರ ಹತ್ತಿರ ನಿಮ್ಮ ಕಡೆಗೆ ತಿರುಗಿಸಿದ ಒಂದು ಮಾನಿಟರ್ ಸ್ಪೀಕರ್ ಕೇಳಿ. ಅದರಲ್ಲಿ ನಿಮ್ಮ ದನಿ ಮತ್ತು ಕೀಬೋರ್ಡ್ ಸಾಕು, ಡ್ರಮ್ಸ್ ಬೇಡ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಸಾಮಾನ್ಯ ಕಾರ್ಡಿಯಾಯ್ಡ್ ಮೈಕಾದರೆ ಮಾನಿಟರ್ ಮೈಕಿನ ಬಾಲದ ನೇರಕ್ಕೆ ಇರಲಿ, ಇನ್ನೂ ಕಿರಿದಾಗಿ ಹಿಡಿಯುವ ಸೂಪರ್ ಕಾರ್ಡಿಯಾಯ್ಡ್ ಆದರೆ ಬಾಲದಿಂದ ಸ್ವಲ್ಪ ಪಕ್ಕಕ್ಕೆ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಫ್ಯಾಷನ್ ಬಿಡಿ. ಮುಚ್ಚಿದ ತಕ್ಷಣ ಮೈಕು ಎಲ್ಲ ದಿಕ್ಕಿನಿಂದ ಹೀರಲು ಶುರು ಮಾಡಿ ಕುಂಯ್ ಎನ್ನುತ್ತದೆ, ಸೌಂಡ್‌ನವರು ನಿಮ್ಮ ವಾಲ್ಯೂಮ್ ಇಳಿಸುತ್ತಾರೆ, ನೀವು ಇನ್ನೂ ಕೂಗುತ್ತೀರಿ. ತುಟಿಯಿಂದ ಮೂರು ಬೆರಳು ದೂರದಲ್ಲಿ ಹಿಡಿಯಿರಿ. ಆರು ಬೆರಳಿಗೆ ಹೋದರೆ ಆರು ಡೆಸಿಬಲ್ ಹೋಯಿತು.

ಎರಡನೆಯದು ಮೂಲ ಗಾಯಕರ ಶ್ರುತಿಯಲ್ಲೇ ಹಾಡಬೇಕೆಂಬ ಹಟ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ. ಎರಡು ಸ್ಥಾನ ಇಳಿಸಿದರೆ ಜಾತ್ರೆಯ ಜನಕ್ಕೆ ಗೊತ್ತೂ ಆಗುವುದಿಲ್ಲ. ಸುಸ್ತಾದ ದಿನವೂ ಐದು ಸಲ ಹಿಡಿಯಬಲ್ಲ ಮೇಲಿನ ಸ್ವರ ಯಾವುದೋ ನೋಡಿ. ಹಾಡಿನ ತುದಿ ಅದಕ್ಕಿಂತ ಒಂದು ಸ್ವರ ಕೆಳಗಿರಲಿ. ತುದಿ ಮುಟ್ಟುವ ಹಾಡುಗಳನ್ನು ಸಾಲಾಗಿ ಮೂರು ಇಡಬೇಡಿ.

ಹಾಡುವ ಮೊದಲೂ ಮುಗಿದ ಮೇಲೂ ಐದೈದು ನಿಮಿಷ ಸ್ಟ್ರಾ ಅಭ್ಯಾಸ ಮಾಡಿ: ಅರ್ಧ ಲೋಟ ನೀರಿನಲ್ಲಿ ಮಾಮೂಲು ಸ್ಟ್ರಾ ಎರಡು ಮೂರು ಸೆಂಟಿಮೀಟರ್ ಮುಳುಗಿಸಿ, 'ಊ' ಎನ್ನುತ್ತಾ ಗುಳ್ಳೆ ಬಿಡುತ್ತಾ ಕೆಳಗಿಂದ ಮೇಲಕ್ಕೆ ಜಾರಿಸಿ. ನೀರಿನ ಹಿಮ್ಮುಖ ಒತ್ತಡಕ್ಕೆ ಸ್ವರತಂತುಗಳು ಒಂದಕ್ಕೊಂದು ಬಡಿಯದೆ ಮೆಲ್ಲಗೆ ಸೇರುತ್ತವೆ. ನಂದಿಬೆಟ್ಟದ ಕಡೆಯ ಚಳಿಗಾಲದ ರಾತ್ರಿಗಳಲ್ಲಿ ಬಯಲು ವೇದಿಕೆ ಎಂದರೆ ಇದನ್ನು ತಪ್ಪಿಸಲೇಬೇಡಿ. ಮೆಂಥಾಲ್ ಗುಳಿಗೆ ಗಂಟಲನ್ನು ಮರಗಟ್ಟಿಸುತ್ತದೆ. ನೋವು ಗೊತ್ತಾಗದೆ ಇನ್ನಷ್ಟು ಒತ್ತುತ್ತೀರಿ. ಕಾರ್ಯಕ್ರಮದ ದಿನ ನಿಮ್ಮಷ್ಟಕ್ಕೆ ನೀವೇ ಆಸ್ಪಿರಿನ್ ನುಂಗಬೇಡಿ, ಸ್ವರತಂತುವಿನಲ್ಲಿ ರಕ್ತ ಜಿನುಗುವ ಅಪಾಯ ಹೆಚ್ಚುತ್ತದೆ. ಮರುದಿನ ಪಿಸುಮಾತೂ ಬೇಡ, ಸುಮ್ಮನಿರಿ. ಕಟ್ಟಿದ ದನಿ ಮೂರು ವಾರ ದಾಟಿದರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಕ್ಯಾಮೆರಾ ಪರೀಕ್ಷೆ ಮಾಡಿಸಿ. ಗಂಟು ಸಣ್ಣದಿದ್ದಾಗ ಕಂಠ ತರಬೇತಿಯಲ್ಲೇ ಕರಗುವುದುಂಟು.

ಹಳೆಯ ಸಿನಿಮಾ ಹಾಡನ್ನು ನಾನೇ ಹಾಡಿ ಯೂಟ್ಯೂಬ್‌ಗೆ ಹಾಕಿದೆ. ಕಾಪಿರೈಟ್ ಕ್ಲೇಮ್ ಬಂತು. ಚಾನೆಲ್ ಹೋಗುತ್ತದೆಯೇ? ಸ್ವಂತ ಹಾಡು ಬಿಡುವುದಾದರೆ ಏನೇನು ಬೇಕು?
— ವಿದ್ಯಾರ್ಥಿ, ತುಮಕೂರು

ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಎಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಚಾನೆಲ್ಲಿಗೆ ಧಕ್ಕೆ ಇಲ್ಲ. ಸ್ಟ್ರೈಕ್ ಎಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೋ ತೆಗೆದುಹಾಕುವುದು. 90 ದಿನದಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗುತ್ತದೆ. ದನಿ ನಿಮ್ಮದೇ ಆದರೂ ಸಾಹಿತ್ಯ, ರಾಗ ನಿಮ್ಮದಲ್ಲ. ಡೌನ್‌ಲೋಡ್ ಮಾಡಿದ ಕರೋಕೆ ಟ್ರ್ಯಾಕಿಗೆ ಇನ್ನೊಬ್ಬ ಒಡೆಯ ಇರುತ್ತಾನೆ. ವಾದ್ಯವನ್ನಾದರೂ ನೀವೇ ನುಡಿಸಿದರೆ ಎರಡರಲ್ಲಿ ಒಂದು ತಕರಾರು ಕಡಿಮೆ.

ಸ್ವಂತ ಹಾಡಾದರೆ ಮುದ್ರಣಕ್ಕೂ ಮೊದಲು ಒಂದು ಹಾಳೆಯಲ್ಲಿ ಸಾಹಿತ್ಯ ಯಾರದು, ರಾಗ ಯಾರದು, ಯಾರ ಪಾಲು ಎಷ್ಟು ಶೇಕಡಾ ಎಂದು ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹಿತರ ನಡುವೆ ಇದಕ್ಕೆ ಸಂಕೋಚಪಡುತ್ತಾರೆ. ಹಾಡು ಓಡಿದ ಮೇಲೆ ಕೇಳುವುದು ಅದಕ್ಕಿಂತ ಸಂಕೋಚ. ಆಮೇಲೆ ಹಾಡಿನ ಆ್ಯಪುಗಳಿಗೆ ತಲುಪಿಸುವ ವಿತರಕರ ಮೂಲಕ ಹಾಕಿ, ಆ ಮುದ್ರಣವನ್ನು ಗುರುತಿಸುವ ಹನ್ನೆರಡು ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಅವರೇ ಕೊಡುತ್ತಾರೆ. ವಿತರಕರನ್ನು ಬದಲಿಸಿದರೂ ಅದೇ ಸಂಖ್ಯೆ ಇರಲಿ, ಇಲ್ಲದಿದ್ದರೆ ಕೇಳಿದವರ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಅಂತಿಮ ಮಾಸ್ಟರ್ ಫೈಲಿನ ಸದ್ದಿನ ಮಟ್ಟ ಸುಮಾರು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ), ತುದಿ ಮೈನಸ್ 1 ಡೆಸಿಬಲ್ ಇದ್ದರೆ ಸಾಕು. ಬರೆದವರು, ರಾಗ ಹಾಕಿದವರು ತಮ್ಮ ರಾಯಧನ ವಸೂಲು ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಲಿ. ಹಾಡಿದವರಿಗೂ ರಾಯಧನದ ಹಕ್ಕು 2012ರ ತಿದ್ದುಪಡಿಯಿಂದ ಸಿಕ್ಕಿದೆ; ಅದನ್ನು ವಸೂಲು ಮಾಡುವ ಸಂಸ್ಥೆ ಗಾಯಕರದೇ ಬೇರೆ. ಯಾವ ಕಂಪನಿಯ ಕರಾರಿನಲ್ಲಾದರೂ 'ಶಾಶ್ವತವಾಗಿ, ಸಕಲ ಹಕ್ಕುಗಳು' ಎಂದಿದ್ದರೆ ಅಲ್ಲಿಗೇ ಪೆನ್ನು ಕೆಳಗಿಡಿ.

ಸಿತಾರ್ ವಾದಕ ರವಿಶಂಕರ್ ಅವರ ಮಗಳು ನೋರಾ ಜೋನ್ಸ್ ಕೂಡ ಪಾಪ್ ಗಾಯಕಿ. ರಕ್ತದಲ್ಲೇ ಬಂದದ್ದು ಅಲ್ಲವೇ?
— ಓದುಗರು, ಶಿಡ್ಲಘಟ್ಟ

ನೋರಾ 1979ರಲ್ಲಿ ಹುಟ್ಟಿ, ಟೆಕ್ಸಸ್‌ನಲ್ಲಿ ತಾಯಿಯ ಜೊತೆ ಬೆಳೆದವರು. ಬಾಲ್ಯದ ಹಲವು ವರ್ಷ ತಂದೆಯ ಒಡನಾಟ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಜಾಝ್ ಪಿಯಾನೋ. 2003ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಪಡೆದ ಆ ಹಾಡುಗಾರಿಕೆಯಲ್ಲಿ ಸಿತಾರಿನ ಸುಳಿವೇ ಇಲ್ಲ. ಅದೇ ತಂದೆಯ ಎದುರು ಚಿಕ್ಕಂದಿನಿಂದ ಕೂತು ಕಲಿತ ಇನ್ನೊಬ್ಬ ಮಗಳು ಅನುಷ್ಕಾ ಸಿತಾರ್ ವಾದಕಿಯಾದರು. ರಕ್ತ ಇಬ್ಬರಿಗೂ ಒಂದೇ, ಮನೆಯಲ್ಲಿ ಕಿವಿಗೆ ಬಿದ್ದದ್ದು ಬೇರೆಬೇರೆ.

ಹಳೆಯ ಕ್ಯಾಸೆಟ್ ನುಡಿಸುವಾಗ ಟೇಪು ತುಂಡಾಯಿತು. ಸೆಲ್ಲೋಟೇಪ್ ಹಚ್ಚಬಹುದೇ?
— ಓದುಗರು, ಸಿರಾ

ಬೇಡ. ಅದರ ಅಂಟು ಬಿಸಿಲಿಗೆ ಕರಗಿ ಪಕ್ಕದ ಸುತ್ತುಗಳಿಗೂ ಹೆಡ್ಡಿಗೂ ಹರಿಯುತ್ತದೆ. ಕ್ಯಾಸೆಟ್ ಟೇಪಿನ ಅಗಲ 3.81 ಮಿಲಿಮೀಟರ್, ಆ ಅಳತೆಯ ಸ್ಪ್ಲೈಸಿಂಗ್ ಟೇಪು ಆನ್‌ಲೈನಿನಲ್ಲಿ ಸಿಗುತ್ತದೆ. ಹತ್ತಿ ಕೈಗವಸು ಹಾಕಿಕೊಳ್ಳಿ. ಎರಡೂ ತುದಿಗಳ ಸುಕ್ಕುಗಟ್ಟಿದ ಭಾಗವನ್ನು ಮಾತ್ರ, ಮ್ಯಾಗ್ನೆಟ್ ಹಿಡಿಯದ ಹೊಸ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ. ತುದಿಗಳು ಒಂದರ ಮೇಲೊಂದು ಏರಬಾರದು, ನಡುವೆ ಸಂದೂ ಬೇಡ. ಒಂದೂವರೆ ಸೆಂಟಿಮೀಟರ್ ಪಟ್ಟಿಯನ್ನು ಹೆಡ್ಡಿಗೆ ತಾಗದ ಕಡೆ, ಅಂದರೆ ಚಿಪ್ಪಿನ ಒಳಮುಖಕ್ಕೆ ಇರುವ ಬದಿಗೆ ಅಂಟಿಸಿ ಉಗುರಿನಿಂದ ಉಜ್ಜಿ. ಪಟ್ಟಿ ಅಂಚಿನಿಂದ ಕೂದಲೆಳೆ ಹೊರಚಾಚಿದರೂ ಚಿಪ್ಪಿನೊಳಗೆ ಸಿಕ್ಕಿಹಾಕಿಕೊಂಡು ಮತ್ತೆ ಅಲ್ಲೇ ಹರಿಯುತ್ತದೆ. ಜೋಡಿಸಿದ ಕ್ಯಾಸೆಟ್ಟನ್ನು ಪೆನ್ಸಿಲ್ ಹಾಕಿ ಕೈಯಲ್ಲೇ ಸುತ್ತಿ, ಒಂದು ಸಲ ಮಾತ್ರ ನುಡಿಸಿ, ಆಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.